ಬಾಹ್ಯಾಕಾಶದ ಹೆಲ್ಮೆಟ್‌ಗೆ ಮಲೆನಾಡಿನ ಧೂಳು: ಮನೆಯಲ್ಲೇ ಕಟ್ಟಿ ಹಳೆಯದಾಗಿಸುವ ಬಗೆ

ಸೈನ್ಸ್ ಫಿಕ್ಷನ್ ಸಿನಿಮಾದ ಹೆಲ್ಮೆಟ್ ಒಂದನ್ನು ಸ್ವಂತ ಕೈಯಲ್ಲಿ ಮಾಡಬೇಕು ಎಂಬ ಆಸೆ ಇರುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಆದರೆ ಸಾಮಾನೆಲ್ಲ ಬೆಂಗಳೂರಿನಿಂದ ತರಬೇಕು, ತ್ರೀಡಿ ಪ್ರಿಂಟರ್ ಬೇಕು ಎಂದುಕೊಂಡು ಹಲವರು ಶುರುವನ್ನೇ ಮಾಡುವುದಿಲ್ಲ. ಎರಡೂ ಬೇಕಿಲ್ಲ. ಚಪ್ಪಲಿ ಸಾಮಾನಿನ ಅಂಗಡಿ, ಬಣ್ಣದ ಅಂಗಡಿ, ಬೈಕ್ ಆಕ್ಸೆಸರೀಸ್ ಅಂಗಡಿ. ಶಿವಮೊಗ್ಗದಲ್ಲಿ ಈ ಮೂರು ಸುತ್ತಿದರೆ ಮುಕ್ಕಾಲು ಸಾಮಾನು ಕೈಗೆ ಬಂತು. ಇನ್ನು ಹೆಲ್ಮೆಟ್ಟನ್ನು ಹಳೆಯದಾಗಿ ಕಾಣಿಸುವ ಕೆಲಸಕ್ಕಂತೂ ಮಲೆನಾಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮಳೆ, ಪಾಚಿ, ತುಕ್ಕು, ಕೆಂಪು ಮಣ್ಣು ಎಲ್ಲ ಇಲ್ಲಿ ಪುಕ್ಕಟೆ.

ಉದಾಹರಣೆಗೆ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಸಿನಿಮಾದ ಬೋಬಾ ಫೆಟ್ ಹೆಲ್ಮೆಟ್ ಇಟ್ಟುಕೊಳ್ಳೋಣ. ಅವನು ಸ್ಟಾರ್ ವಾರ್ಸ್ ಸರಣಿಯ ಬಾಡಿಗೆ ಬೇಟೆಗಾರ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಕಣ್ಣಿನ ಗಾಜು, ಕಿವಿಯ ಪಕ್ಕ ಆಂಟೆನಾದಂಥ ಕಡ್ಡಿ, ಹಣೆಯ ಮೇಲೊಂದು ತಗ್ಗು, ಹಸಿರು ಮೈತುಂಬ ಗೀರು. ಆಕಾರ ಸರಳ, ಹಾಗಾಗಿ ಮೊದಲ ಸಲ ಮಾಡುವವರಿಗೆ ಒಳ್ಳೆಯದು. ಅದರ ಜೀವ ಇರುವುದೆಲ್ಲ ಆ ಗೀರುಗಳಲ್ಲಿ. ಬೇರೆ ಹೆಲ್ಮೆಟ್ ಇಷ್ಟವಾದರೂ ತೊಂದರೆಯಿಲ್ಲ, ವಿಧಾನ ಇದೇ.

ಮೊದಲು ತಿಂಗಳು ನೋಡಿ

ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಿ. ಅಳತೆ, ರಟ್ಟಿನ ಮಾದರಿ, ಕತ್ತರಿಸುವುದು, ಅಂಟಿಸುವುದು ಇವನ್ನು ಮಳೆಗಾಲದಲ್ಲಿ ಮನೆಯೊಳಗೇ ಮಾಡಬಹುದು. ಬಣ್ಣ ಮಾತ್ರ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಬಿಡುವುದೇ ಇಲ್ಲ. ಸ್ಪ್ರೇ ಬಣ್ಣದ ಥಿನ್ನರ್ ಆರುವಾಗ ಬಣ್ಣ ಬಳಿದ ಮೈ ತಣ್ಣಗಾಗುತ್ತದೆ. ಆ ತಣ್ಣನೆಯ ಮೈ ಮೇಲೆ ಗಾಳಿಯ ತೇವ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಕಪ್ಪು ಬಣ್ಣದ ಮೇಲೆ ಇದು ಎದ್ದು ಕಾಣುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮಂಜು ಕರಗಿ ಬಿಸಿಲು ಏರಿದ ಮೇಲೆ, ಅಂದರೆ ಹನ್ನೊಂದು ಗಂಟೆಯ ನಂತರ ಬಣ್ಣದ ಡಬ್ಬಿ ತೆಗೆಯಿರಿ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ಇಟ್ಟುಬಿಡಿ.

ಇನ್ನೊಂದು ವಿಷಯವನ್ನು ಇಲ್ಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಿಂದ ಹಿಡಿದು ಎಲ್ಲವನ್ನೂ ಬಚ್ಚಲೊಲೆಯ ಹತ್ತಿರ ಒಣಗಿಸುವುದು ನಮ್ಮ ರೂಢಿ. ಅಂಟು ಹಚ್ಚಿದ ಫೋಮನ್ನು ಯಾವ ಕಾರಣಕ್ಕೂ ಹಾಗೆ ಇಡಬೇಡಿ. ರಬ್ಬರ್ ಅಂಟಿನ ಹಬೆಗೆ ಬೆಂಕಿ ಹಿಡಿಯಲು ಒಂದು ಕಿಡಿ ಸಾಕು. ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಅದೇ ಕೋಣೆಯಲ್ಲಿ ಇರಬಾರದು. ಕಿಟಕಿ ತೆರೆದಿರಲಿ.

ಅಳತೆ ಮತ್ತು ರಟ್ಟಿನ ಮಾದರಿ

ಹಣೆಯ ಮೇಲಿಂದ ಟೇಪ್ ಸುತ್ತಿ ತಲೆಯ ಸುತ್ತಳತೆ ತೆಗೆಯಿರಿ. ದೊಡ್ಡವರದು ಸಾಮಾನ್ಯವಾಗಿ 54ರಿಂದ 60 ಸೆಂಟಿಮೀಟರ್ ಇರುತ್ತದೆ. 57 ಎಂದುಕೊಳ್ಳೋಣ. ತಲೆಗೂ ಹೆಲ್ಮೆಟ್‌ಗೂ ನಡುವೆ ಸುತ್ತಲೂ ಎರಡೂವರೆ ಸೆಂಟಿಮೀಟರ್ ಜಾಗ ಬೇಕು. ಇಲ್ಲದಿದ್ದರೆ ಒಳಗೆ ಮೆತ್ತೆ ಹಾಕಲಾಗುವುದಿಲ್ಲ, ಗಾಳಿಯೂ ಆಡುವುದಿಲ್ಲ. ಅಷ್ಟು ಜಾಗ ಬಿಟ್ಟರೆ ಸುತ್ತಳತೆಗೆ ಸುಮಾರು 16 ಸೆಂಟಿಮೀಟರ್ ಸೇರುತ್ತದೆ. ಒಳಸುತ್ತು 73 ಆಯಿತು. ಇನ್ನು ಫೋಮಿನ ದಪ್ಪ. 10 ಮಿಲಿಮೀಟರ್ ಫೋಮ್ ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಾಗಾಗಿ ದಪ್ಪದ ನಡುಗೆರೆಗೆ ಲೆಕ್ಕ ಹಾಕಿ, ಇನ್ನೊಂದು 3 ಸೇರಿಸಿ, 76 ಸೆಂಟಿಮೀಟರ್‌ಗೆ ಕತ್ತರಿಸಿ. ಈ 3 ಸೆಂಟಿಮೀಟರ್ ಮರೆತರೆ ಹೆಲ್ಮೆಟ್ ಕಿವಿ ಹತ್ತಿರ ಬಿಗಿಯಾಗುತ್ತದೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಅಳತೆ ತೆಗೆಯಿರಿ.

ಮೊದಲು ಫೋಮ್ ಮುಟ್ಟಬೇಡಿ. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ ತಂದು ಅದರಲ್ಲೇ ಪೂರ್ತಿ ಹೆಲ್ಮೆಟ್ ಕಟ್ಟಿ, ಮಾಸ್ಕಿಂಗ್ ಟೇಪ್‌ನಲ್ಲಿ ಜೋಡಿಸಿ. ತಲೆಗೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ, ಯಾರಿಗಾದರೂ ಹೇಳಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆಸಿ. ಸಿನಿಮಾದ ಚಿತ್ರದ ಪಕ್ಕ ಇಟ್ಟು ನೋಡಿ. ಕಣ್ಣಿನ ಗಾಜು ಎಲ್ಲಿ ಶುರುವಾಗುತ್ತದೆ, ಕೆನ್ನೆ ಎಷ್ಟು ಒಳಗೆ ಹೋಗಿದೆ, ಗಲ್ಲದ ಅಂಚು ಭುಜದಿಂದ ಎಷ್ಟು ಮೇಲಿದೆ, ಎಲ್ಲ ಇಲ್ಲೇ ಸರಿಯಾಗಬೇಕು. ಸರಿಯಾದ ಮೇಲೆ ರಟ್ಟು ಬಿಚ್ಚಿ. ಅವೇ ನಿಮ್ಮ ಅಚ್ಚು. ಪ್ರತಿ ತುಂಡಿನ ಮೇಲೂ ಎಡ, ಬಲ, ಮೇಲೆ, ಕೆಳಗೆ ಎಂದು ಬರೆಯಿರಿ. ಜೋಡಿಸುವ ಅಂಚುಗಳಿಗೆ ಅಡ್ಡಗೆರೆ ಹಾಕಿ, ಆಮೇಲೆ ಗೆರೆಗೆ ಗೆರೆ ಕೂಡಿಸಿದರಾಯಿತು.

ಫೋಮ್, ಅಂಟು, ಬಿಸಿ

ಬೇಕಾದದ್ದು ಇವಿಎ ಫೋಮ್. ಚಪ್ಪಲಿಯ ಸೋಲ್‌ಗೆ ಬಳಸುವ ಅದೇ ವಸ್ತು, ಶೀಟ್ ಲೆಕ್ಕದಲ್ಲಿ ಸಿಗುತ್ತದೆ. ಮಕ್ಕಳು ಆಡಲು ಹಾಸುವ, ಒಂದಕ್ಕೊಂದು ಸಿಕ್ಕಿಸುವ ಮ್ಯಾಟ್ ಕೂಡ ಆಗುತ್ತದೆ. ಅದರ ಒರಟು ಮೈ ಒಳಗಡೆಗೆ ಬರಲಿ. ಉಗುರಿನಿಂದ ಒತ್ತಿ ನೋಡಿ. ಗುರುತು ತಟ್ಟನೆ ಮಾಯವಾದರೆ ಗಟ್ಟಿ ಫೋಮ್, ತೆಗೆದುಕೊಳ್ಳಿ. ಹಾಗೇ ಉಳಿದರೆ ಬೇಡ. ಮುಖ್ಯ ಮೈಗೆ 10 ಮಿಲಿಮೀಟರ್, ಕೆನ್ನೆಗೆ 5 ಅಥವಾ 6, ಅಂಚಿನ ಪಟ್ಟಿಗಳಿಗೆ 2 ಅಥವಾ 3.

ಕತ್ತರಿಸಲು ಮುರಿಯುವ ಬ್ಲೇಡಿನ ಕಟರ್ ಸಾಕು, ಆದರೆ ಬ್ಲೇಡ್ ಹೊಸದಿರಬೇಕು. ಫೋಮ್ ಬ್ಲೇಡನ್ನು ಬಹಳ ಬೇಗ ಮೊಂಡು ಮಾಡುತ್ತದೆ. ಅಂಚು ಹರಿದು ಹರಿದು ಬರಲು ಶುರುವಾದರೆ ತುದಿ ಮುರಿದು ಮುಂದುವರಿಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ. ಒಂದೇ ಉದ್ದ ಎಳೆತ, ಬೇಕಿದ್ದರೆ ಅದೇ ಗೆರೆಯಲ್ಲಿ ಎರಡನೆಯದು.

ಮೇಲಿನ ಗುಂಡನೆಯ ಭಾಗ ಕಷ್ಟ ಅಂತ ಎಲ್ಲರೂ ಹೆದರುತ್ತಾರೆ. ಅದನ್ನು ಕಿತ್ತಳೆಯ ಸಿಪ್ಪೆ ಬಿಡಿಸಿದ ಹಾಗೆ ಆರು ಎಸಳು ಮಾಡಿಕೊಳ್ಳಿ. 76 ಸೆಂಟಿಮೀಟರ್‌ನ್ನು ಆರರಿಂದ ಭಾಗಿಸಿದರೆ ಪ್ರತಿ ಎಸಳಿನ ಬುಡ 12.7 ಸೆಂಟಿಮೀಟರ್ ಅಗಲ. ಎಸಳನ್ನು ಬಿಸಿ ಗಾಳಿ ಊದುವ ಹೀಟ್ ಗನ್‌ನಿಂದ ಬಿಸಿ ಮಾಡಿ, ದಪ್ಪ ಬಟ್ಟೆಯ ಕೈಗವಸು ಹಾಕಿ, ಕವುಚಿ ಹಾಕಿದ ಬಾಣಲೆಯ ಮೇಲೆ ಒತ್ತಿ ಹಿಡಿಯಿರಿ. ತಣ್ಣಗಾದ ಮೇಲೆ ಅದು ಆ ಬಾಗನ್ನೇ ಉಳಿಸಿಕೊಳ್ಳುತ್ತದೆ. ಎಲ್ಲ ಎಸಳನ್ನೂ ಮೊದಲೇ ಬಗ್ಗಿಸಿಕೊಂಡು ಆಮೇಲೆ ಅಂಟಿಸಿ. ಚಪ್ಪಟೆ ತುಂಡುಗಳನ್ನು ಅಂಟಿನ ಬಲದಲ್ಲೇ ಬಗ್ಗಿಸಿ ನಿಲ್ಲಿಸಿದರೆ ಒಂದು ಬೇಸಿಗೆಯಲ್ಲೇ ಜೋಡು ಬಿಡುತ್ತದೆ.

ಅಂಟು ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟು. ಫೆವಿಕಾಲ್ ಎಸ್‌ಆರ್ 998 ಅಂಥದ್ದೇ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ ಸುಮ್ನೆ ಬಿಡಿ. ಬಿಸಿಲಿನ ದಿನ ಐದರಿಂದ ಹತ್ತು ನಿಮಿಷ, ಮಳೆಯ ದಿನ ಅದರ ಎರಡರಷ್ಟು. ಬೆರಳಿಗೆ ತಾಗಬೇಕು ಆದರೆ ಮೆತ್ತಬಾರದು, ಆಗ ಕೂಡಿಸಿ. ಒಮ್ಮೆ ಕೂಡಿದರೆ ಬಿಡಿಸುವ ಮಾತಿಲ್ಲ. ಹಾಕಿದ್ದ ಗೆರೆಗಳು ಈಗ ಉಪಯೋಗಕ್ಕೆ ಬರುತ್ತವೆ.

ಸಂದುಗಳಿಗೆ ಗ್ಯಾರೇಜಿನ ಎನ್‌ಸಿ ಪುಟ್ಟಿ ಹಾಕಬೇಡಿ. ತಗಡಿಗೆ ಅದು ಸರಿ, ಬಾಗುವ ಫೋಮಿನ ಮೇಲೆ ಬಿರುಕು ಬಿಡುತ್ತದೆ. ಕಿಟಕಿಯ ಸಂದು ಮುಚ್ಚುವ ಅಕ್ರಿಲಿಕ್ ಸೀಲಂಟ್ ಒಳ್ಳೆಯದು. ಒದ್ದೆ ಬೆರಳಿನಲ್ಲಿ ಸವರಿದರೆ ಗೆರೆಯೇ ಕಾಣುವುದಿಲ್ಲ. ಸಿಲಿಕೋನ್ ಸೀಲಂಟ್ ಬೇಡ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಉಜ್ಜುವುದಿದ್ದರೆ ಡ್ರಿಲ್‌ಗೆ ಸಣ್ಣ ಸ್ಯಾಂಡಿಂಗ್ ಡ್ರಮ್ ಹಾಕಿ ಉಜ್ಜಿ. ಮಾಸ್ಕ್ ಹಾಕಿಕೊಳ್ಳಲೇಬೇಕು.

ತಗ್ಗು, ಗೀರು, ಗುಂಡಿನ ಗುರುತು ಎಲ್ಲ ಬಣ್ಣಕ್ಕಿಂತ ಮೊದಲೇ ಆಗಬೇಕು. ತಗ್ಗು ಬೇಕಾದ ಜಾಗ ಬಿಸಿ ಮಾಡಿ ಚಮಚದ ಬೆನ್ನಿನಿಂದ ಒತ್ತಿ. ಆಳವಾದ ಗಾಯ ಬೇಕಿದ್ದರೆ ಬ್ಲೇಡಿನಿಂದ ಅರ್ಧ ದಪ್ಪಕ್ಕೆ ಸೀಳಿ, ಅದರ ಮೇಲೆ ಹೀಟ್ ಗನ್ ಹಿಡಿಯಿರಿ. ಸೀಳು ತಾನಾಗಿ ಬಾಯಿ ತೆರೆಯುತ್ತದೆ. ಇದನ್ನು ನೋಡುವುದೇ ಒಂದು ಖುಷಿ. ಕೊನೆಯಲ್ಲಿ ಇಡೀ ಮೈ ಮೇಲೆ ಹೀಟ್ ಗನ್ ಒಂದು ಸುತ್ತು ಆಡಿಸಿ. ಮೈ ಸ್ವಲ್ಪ ಹೊಳಪು ಬಂದರೆ ಅದರ ಸಣ್ಣ ರಂಧ್ರಗಳು ಮುಚ್ಚಿಕೊಂಡವು ಎಂದರ್ಥ. ಕೂದಲು ಒಣಗಿಸುವ ಡ್ರೈಯರ್‌ಗೆ ಅಷ್ಟು ಬಿಸಿ ಇರುವುದಿಲ್ಲ.

ತ್ರೀಡಿ ಪ್ರಿಂಟ್ ಮಾಡಿಸುವವರಿಗೆ ಒಂದೇ ಮಾತು: ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಬಣ್ಣದ ಪದರಗಳು

ಫೋಮಿನ ಮೇಲೆ ನೇರ ಬಣ್ಣ ಬೇಡ. ಫೋಮ್ ಬಣ್ಣವನ್ನು ಹೀರಿಬಿಡುತ್ತದೆ, ಬಾಗಿದಾಗ ಬಣ್ಣ ಬಿರಿಯುತ್ತದೆ. ಮೊದಲು ಫೆವಿಕಾಲ್ ಮರೀನ್‌ಗೆ ಸ್ವಲ್ಪ ನೀರು ಬೆರೆಸಿ ಮೂರು ತೆಳು ಪದರ ಬಳಿಯಿರಿ, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಮಾಮೂಲಿ ಬಿಳಿ ಫೆವಿಕಾಲ್ ಕೂಡ ಒಣಗುತ್ತದೆ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಮತ್ತೆ ಅಂಟಂಟಾಗುತ್ತದೆ. ಅದರ ಮೇಲೆ ಮನೆಯ ಹೊರಗೋಡೆಗೆ ಬಳಿಯುವ ಎಮಲ್ಷನ್ ಒಂದು ಪದರ. ಆ ಬಣ್ಣಕ್ಕೆ ಸ್ವಲ್ಪ ಹಿಗ್ಗುವ ಗುಣ ಇದೆ, ಫೋಮ್ ಬಾಗಿದರೂ ಬಿರಿಯುವುದಿಲ್ಲ.

ನಂತರ ಇಡೀ ಹೆಲ್ಮೆಟ್‌ಗೆ ಬೆಳ್ಳಿ ಬಣ್ಣದ ಸ್ಪ್ರೇ. 20ರಿಂದ 25 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ, ತೆಳ್ಳಗೆ. ಒಂದು ದಿನ ಒಣಗಲಿ. ಈಗ ಎಲ್ಲೆಲ್ಲಿ ಬಣ್ಣ ಎದ್ದು ಒಳಗಿನ ಲೋಹ ಕಾಣಬೇಕೋ ಅಲ್ಲೆಲ್ಲ ಬಿಳಿ ಟೂತ್‌ಪೇಸ್ಟ್ ಹಚ್ಚಿ. ಜೆಲ್ ಬೇಡ. ಹರಿದ ಸ್ಪಂಜಿನ ತುಂಡಿನಿಂದ ತಟ್ಟಿದರೆ ಅಂಚು ಒರಟೊರಟಾಗಿ ಬರುತ್ತದೆ, ನಿಜವಾಗಿ ಕಿತ್ತುಹೋದ ಬಣ್ಣದ ಹಾಗೇ. ಪೇಸ್ಟಿನ ಮೇಲೇ ಹಸಿರು ಬಣ್ಣ ಹೊಡೆಯಿರಿ. ಒಂದು ಗಂಟೆ ಬಿಟ್ಟು ಒದ್ದೆ ಬಟ್ಟೆಯಿಂದ ಉಜ್ಜಿದರೆ ಪೇಸ್ಟ್ ಎದ್ದು ಬೆಳ್ಳಿ ಹೊರಬರುತ್ತದೆ. ಇನ್ನೂ ಚೆಂದ ಬೇಕಿದ್ದರೆ ಬೆಳ್ಳಿಗೂ ಹಸಿರಿಗೂ ನಡುವೆ ಮಾಸಲು ಹಳದಿಯ ಪದರವೊಂದನ್ನು ಸೇರಿಸಿ, ಎರಡು ಸಲ ಪೇಸ್ಟ್ ಹಚ್ಚಿ. ಗಾಯದ ಸುತ್ತ ತೆಳ್ಳಗೆ ಹಳದಿ ಅಂಚು ಕಾಣುತ್ತದೆ. ನಿಜವಾದ ಯಂತ್ರದಲ್ಲೂ ಬಣ್ಣದ ಕೆಳಗೆ ಪ್ರೈಮರ್ ಇರುತ್ತದಲ್ವಾ.

ಹಳೆಯದಾಗಿಸುವುದು

ನನಗೆ ಬಹಳ ಮುಖ್ಯ ಅನಿಸುವ ಭಾಗ ಇದು. ಸ್ಪಂಜು ಹಿಡಿದು ಮೈಯೆಲ್ಲ ಒಂದೇ ಸಮ ಕಪ್ಪು ತಟ್ಟಿದರೆ ಹೆಲ್ಮೆಟ್ ಹಳೆಯದಾಗುವುದಿಲ್ಲ, ಕೊಳೆಯಾಗುತ್ತದೆ ಅಷ್ಟೆ. ಪ್ರತಿ ಗುರುತಿಗೂ ಒಂದು ಕಾರಣ ಇರಬೇಕು. ಇದನ್ನು ಕಲಿಯಲು ಬ್ರಷ್ ಹಿಡಿಯುವ ಮೊದಲು ಒಂದು ದಿನ ಊರಲ್ಲಿ ಸುತ್ತಾಡಿ, ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ.

ಹಳೆಯ ಬೈಕಿನ ಟ್ಯಾಂಕ್ ನೋಡಿ. ಬಣ್ಣ ಸವೆದಿರುವುದು ಮೊಣಕಾಲು ತಾಗುವ ಕಡೆ, ಮುಚ್ಚಳದ ಸುತ್ತ. ಉಳಿದ ಕಡೆ ಹೊಸದರಂತೇ ಇದೆ. ತೋಟದ ಜೀಪ್ ನೋಡಿ. ತುಕ್ಕು ಹಿಡಿದಿರುವುದು ಬೋಲ್ಟಿನ ಕೆಳಗೆ, ತಗಡು ಮಡಚಿದ ಕಡೆ, ನೀರು ನಿಲ್ಲುವ ಕೆಳ ಅಂಚಿಗೆ. ಅಡಿಕೆ ತೋಟದಲ್ಲಿ ಬೋರ್ಡೋ ಔಷಧಿ ಕಲಸುವ ಡ್ರಮ್ಮನ್ನಂತೂ ನೋಡಲೇಬೇಕು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಆ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಚೆಲ್ಲಿದ ಡ್ರಮ್ಮಿನ ಮೇಲೆ ಬಾಯಿಯಿಂದ ಕೆಳಕ್ಕೆ ತಿಳಿನೀಲಿ ಗೆರೆಗಳು. ಮೇಲೆ ದಪ್ಪ, ಕೆಳಗೆ ಹೋದಂತೆ ಸಣ್ಣ, ತುದಿಯಲ್ಲಿ ಒಂದು ಗಟ್ಟಿ ಹನಿ. ಬೇರೆ ಗ್ರಹದಲ್ಲಿ ಏನೋ ರಾಸಾಯನಿಕ ಸೋರಿದ ಗುರುತು ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಿಕ್ಕಿಲ್ಲ. ಔಷಧಿಯನ್ನೇ ಹಚ್ಚಬೇಡಿ, ಅದು ಚರ್ಮಕ್ಕೂ ಕಣ್ಣಿಗೂ ಕೆಟ್ಟದ್ದು. ಬಿಳಿಗೆ ನೀಲಿ, ಸ್ವಲ್ಪ ಹಸಿರು ಸೇರಿಸಿ ಅಕ್ರಿಲಿಕ್ ಬಣ್ಣದಲ್ಲೇ ಆ ಗೆರೆ ಎಳೆಯಿರಿ.

ಈಗ ನಿಮ್ಮ ಹೆಲ್ಮೆಟ್‌ನ ಯಜಮಾನನ ಬಗ್ಗೆ ಯೋಚಿಸಿ. ಬಲಗೈಯವನಾದರೆ ತೆಗೆದು ಹಾಕುವಾಗ ಬಲ ಕೆನ್ನೆಯ ಅಂಚು ಸವೆಯುತ್ತದೆ. ನೆಲದ ಮೇಲೆ ಇಟ್ಟರೆ ಕೆಳ ಅಂಚು ಸುತ್ತಲೂ ಕೆರೆದಿರುತ್ತದೆ. ಗುಂಡಿನೇಟು ಬಿದ್ದ ಕಡೆಯಿಂದ ಗೀರು ಒಂದೇ ದಿಕ್ಕಿಗೆ ಹೋಗುತ್ತದೆ. ಕಾರಣ ಹೊಳೆಯದ ಕಡೆ ಬಣ್ಣ ಹಚ್ಚಬೇಡಿ.

ಕೆಲಸದ ಕ್ರಮ ಹೀಗೆ. ಮೊದಲು ಒಣ ಬ್ರಷ್. ಬೆಳ್ಳಿ ಬಣ್ಣ ಮುಟ್ಟಿಸಿ, ಹಳೆ ಬಟ್ಟೆಗೆ ಒರೆಸಿ, ಬಹುಪಾಲು ಒಣಗಿದ ಬ್ರಷ್ಷನ್ನು ಎದ್ದ ಅಂಚುಗಳ ಮೇಲೆ ಮಾತ್ರ ಹಗುರಾಗಿ ಆಡಿಸಿ. ಆಮೇಲೆ ಕೊಳೆಯ ನೀರು. ಕಪ್ಪು ಮತ್ತು ಕಂದು ಅಕ್ರಿಲಿಕ್ ಒಂದು ಪಾಲಿಗೆ ಐದು ಪಾಲು ನೀರು, ಜೊತೆಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಆ ಹನಿ ಇಲ್ಲದಿದ್ದರೆ ನೀರು ಗುಳ್ಳೆ ಗುಳ್ಳೆಯಾಗಿ ನಿಲ್ಲುತ್ತದೆ, ಸಂದಿಗೆ ಇಳಿಯುವುದಿಲ್ಲ. ಬಳಿದು ಒಂದೆರಡು ನಿಮಿಷ ಬಿಟ್ಟು ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿ. ಅಡ್ಡಡ್ಡ ಬೇಡ. ಮಳೆ ನೀರು ಇಳಿಯುವುದು ಕೆಳಕ್ಕೆ ತಾನೆ.

ಇನ್ನು ನಮ್ಮ ಊರಿನದೇ ಎರಡು ಬಣ್ಣ. ಒಂದು ಚೊಗರು. ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಆ ಕೆಂಗಂದು ನೀರು ಸುಗ್ಗಿಯಲ್ಲಿ ಯಾವ ಅಡಿಕೆ ಮನೆಯಲ್ಲಿ ಕೇಳಿದರೂ ಒಂದು ಬಾಟಲಿ ಕೊಡುತ್ತಾರೆ. ಬಟ್ಟೆಯಲ್ಲಿ ಸೋಸಿ, ಹೊಳಪಿಲ್ಲದ ಮೈ ಮೇಲೆ ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ. ಎಷ್ಟೋ ವರ್ಷ ಎಣ್ಣೆ, ಹೊಗೆ ಕುಡಿದ ಬಣ್ಣ ಬರುತ್ತದೆ. ಡಬ್ಬಿಯ ಕಂದು ಬಣ್ಣದಲ್ಲಿ ಆ ಆಳ ನನಗೆ ಕಂಡಿಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದವರ ಬೆರಳು ಕಪ್ಪಾಗುವುದು ಇದೇ ಒಗರಿನಿಂದ. ಅದಕ್ಕೆ ಕಬ್ಬಿಣ ಸೇರಿದರೆ ಇನ್ನೂ ಕಪ್ಪಾಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ನಾಲ್ಕೈದು ದಿನ ನೆನೆಹಾಕಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಏಳುತ್ತದೆ. ಒಣಗಿದ ಚೊಗರಿನ ಮೇಲೆ ಆ ನೀರನ್ನು ಸಣ್ಣ ಬ್ರಷ್‌ನಲ್ಲಿ ಮುಟ್ಟಿಸಿದರೆ ನೋಡನೋಡುತ್ತಲೇ ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ. ಗುಂಡಿನೇಟಿನ ಸುತ್ತ ಸುಟ್ಟ ಗುರುತಿಗೆ ಇದನ್ನೇ ಬಳಸಿ.

ಇನ್ನೊಂದು ಜಂಬಿಟ್ಟಿಗೆಯ ಪುಡಿ. ಕಲ್ಲು ಕೆತ್ತಿದ ಕಡೆ ಬಿದ್ದಿರುವ ಪುಡಿ ತಂದು, ಪೂರ್ತಿ ಒಣಗಿಸಿ, ಹಳೆ ಪಂಚೆಯ ಬಟ್ಟೆಯಲ್ಲಿ ಸೋಸಿ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಬಿಸಿಲಿಗೆ ಮಾಸುವುದಿಲ್ಲ. ಒಣ ಬ್ರಷ್‌ನಿಂದ ಸಂದುಗಳಿಗೆ, ಕೆಳ ಅಂಚಿಗೆ ತುಂಬಿ, ಹೆಚ್ಚಾದದ್ದನ್ನು ಊದಿ ತೆಗೆಯಿರಿ. ತುಕ್ಕಿನ ಜಾಗಕ್ಕೆ ಇದನ್ನೇ ಮ್ಯಾಟ್ ವಾರ್ನಿಷ್‌ನಲ್ಲಿ ಕಲಸಿ ಸ್ಪಂಜಿನಿಂದ ತಟ್ಟಿ. ತುಕ್ಕು ಜಾಸ್ತಿ ಆಗದಂತೆ ನೋಡಿಕೊಳ್ಳಿ. ಯುದ್ಧಕ್ಕೆ ಹೋಗುವವನು ತನ್ನ ಹೆಲ್ಮೆಟ್ಟನ್ನು ಅಷ್ಟು ಕೆಡಲು ಬಿಡುವುದಿಲ್ಲ.

ಚೊಗರು ನೀರಿಗೆ ಕರಗುತ್ತದೆ. ಹಾಗಾಗಿ ಎಲ್ಲ ಒಣಗಿದ ಮೇಲೆ ಹೊಳಪೂ ಬಣ್ಣವೂ ಇಲ್ಲದ ಮ್ಯಾಟ್ ಕ್ಲಿಯರ್ ಸ್ಪ್ರೇ ಎರಡು ತೆಳು ಪದರ ಬೇಕೇ ಬೇಕು. ಮೊದಲ ಪದರ ದೂರದಿಂದ, ಮೈ ಒದ್ದೆಯಾಗದಷ್ಟು ಮಾತ್ರ. ಕ್ಲಿಯರ್ ಹೊಡೆದರೆ ಧೂಳು ಸ್ವಲ್ಪ ಮಂಕಾಗುತ್ತದೆ. ಕೊನೆಗೆ ಒಂದು ಸಲ ಒಣ ಪುಡಿ ಸವರಿ ಹಾಗೇ ಬಿಡಿ.

ಗಾಜು, ಗಾಳಿ, ಮೆತ್ತೆ

ಕಣ್ಣಿನ ಗಾಜಿಗೆ ಬೈಕ್ ಹೆಲ್ಮೆಟ್‌ನ ಕಪ್ಪು ವೈಸರ್ ತನ್ನಿ. ಅದಕ್ಕೆ ಬಾಗು ಮೊದಲೇ ಇದೆ. ರಟ್ಟಿನ ಅಚ್ಚಿಟ್ಟು ಗೆರೆ ಹಾಕಿ, ಡ್ರಿಲ್‌ಗೆ ಹಾಕುವ ಸಣ್ಣ ಕತ್ತರಿಸುವ ಚಕ್ರದಲ್ಲಿ ಕತ್ತರಿಸಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ವೆಲ್ಡಿಂಗ್ ಗಾಜು ಬೇಡ, ಎದುರಿನ ಮೆಟ್ಟಿಲೂ ಕಾಣುವುದಿಲ್ಲ.

ಉಸಿರಿನ ಹಬೆ ಗಾಜಿನ ಮೇಲೆ ಕೂರುತ್ತದೆ, ನಮ್ಮ ಹವೆಯಲ್ಲಂತೂ ಜಾಸ್ತಿ. ಗಲ್ಲದ ಕೆಳಗೆ ಗಾಳಿಗೆ ದಾರಿ ಬಿಡಿ. ಹಿಂಭಾಗದಲ್ಲಿ 5 ವೋಲ್ಟಿನ ಸಣ್ಣ ಫ್ಯಾನ್ ಕೂರಿಸಿ, ವೈರನ್ನು ಜೇಬಿನ ಪವರ್ ಬ್ಯಾಂಕಿಗೆ ಕೊಡಿ. ಗಾಜಿನ ಒಳಮೈಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ ಒಣ ಬಟ್ಟೆಯಿಂದ ಒರೆಸಿಬಿಟ್ಟರೆ ಸ್ವಲ್ಪ ಹೊತ್ತು ಹಬೆ ಹಿಡಿಯುವುದಿಲ್ಲ.

ಒಳಗಿನ ಮೆತ್ತೆಗೆ ಮೂರು ಜಾಗ ಸಾಕು: ಹಣೆ, ನೆತ್ತಿ, ಹಿಂದಲೆ. ಯಕ್ಷಗಾನದ ಚೌಕಿಗೆ ಹೋದರೆ ಕಿರೀಟ ಏರಿಸುವ ಮೊದಲು ತಲೆಗೆ ಬಟ್ಟೆ ಬಿಗಿಯುವುದನ್ನು ಗಮನಿಸಿ ನೋಡಿ. ಭಾರವೆಲ್ಲ ಒಂದೇ ಕಡೆ ಕೂರದಂತೆ, ಕುಣಿದರೂ ಜಾರದಂತೆ ಹೇಗೆ ಕಟ್ಟುತ್ತಾರೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ನೀವೂ ಮೊದಲು ತಲೆಗೊಂದು ಹತ್ತಿ ಬಟ್ಟೆ ಕಟ್ಟಿಕೊಂಡು ಹೆಲ್ಮೆಟ್ ಹಾಕಿ. ಬೆವರು ಮೆತ್ತೆಗೆ ಇಳಿಯುವುದಿಲ್ಲ.

ಇದನ್ನು ಹಾಕಿಕೊಂಡು ಗಾಡಿ ಓಡಿಸಬೇಡಿ, ಮನೆಯ ಮುಂದಿನ ರಸ್ತೆಯಲ್ಲಿ ಕೂಡ. ಫೋಮ್ ತಲೆಯನ್ನು ಕಾಯುವುದಿಲ್ಲ, ಪಕ್ಕದಿಂದ ಬರುವ ವಾಹನವೂ ಕಾಣುವುದಿಲ್ಲ. ಗಾಡಿಗೆ ಬೈಕ್ ಹೆಲ್ಮೆಟ್‌ಗಳ ಭಾರತೀಯ ಮಾನದಂಡವಾದ ಐಎಸ್ 4151 ಗುರುತಿನ ಹೆಲ್ಮೆಟ್ಟೇ ಬೇಕು.

ಮಳೆಗಾಲದಲ್ಲಿ ಇಡುವುದು

ಹಾಕಿ ತೆಗೆದ ದಿನ ಒಳಗನ್ನು ಒಣ ಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ, ಒಳಗೆ ಹಳೆ ಪತ್ರಿಕೆ ತುಂಬಿ, ಗೋಡೆಗೆ ತಾಗದಂತೆ ಮೇಲಿನ ಕಪಾಟಿನಲ್ಲಿಡಿ. ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬದಲಿಸಿ. ಇಷ್ಟಾದರೂ ಬೂಷ್ಟು ಕಂಡರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಮಳೆಗಾಲ ಮುಗಿದ ಮೇಲೆ ಆ ಜಾಗಕ್ಕೆ ಮಾತ್ರ ಮತ್ತೊಂದು ಪದರ ಮ್ಯಾಟ್ ಕ್ಲಿಯರ್ ಹೊಡೆಯಿರಿ.